ನಾಯಿಯ ಉಚ್ಚೆ ಹೇಳಿದ ಕತೆ

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ಕಾಡಂಚಿನ ಗೌಳಿವಾಡಗಳಲ್ಲಿ ನಾಯಿ ಎಂದರೆ ಕಾವಲುಗಾರ. ಹಗಲು ಎಮ್ಮೆಗಳ ಹಿಂದೆ ಕಾಡಿಗೆ ಹೋಗುತ್ತದೆ, ರಾತ್ರಿ ಚಿರತೆಯ ಸುಳಿವು ಕೊಡುತ್ತದೆ. ಅಂಥ ನಾಯಿ ಒಂದು ದಿನ ಅನ್ನ ಬಿಟ್ಟು, ಡಿಕಾಕ್ಷನ್ ಬಣ್ಣದ ಉಚ್ಚೆ ಹೊಯ್ದರೆ ‘ಉಷ್ಣ ಆಗಿದೆ’ ಎಂದು ಮಜ್ಜಿಗೆ ಹಾಕುವವರನ್ನು ನಾನು ಕಂಡಿದ್ದೇನೆ. ಆ ಬಣ್ಣದ ಅರ್ಥ ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ನಾಯಿಗೂ ಮನುಷ್ಯನಿಗೂ ನಡುವಿನ ಒಂದು ಹಳೆಯ ಲೆಕ್ಕ.

ಉಚ್ಚೆಯನ್ನು ನೋಡಿ ರೋಗ ಹೇಳುವುದು ಹೊಸದಲ್ಲ. ಪ್ರಮೇಹ ಬರುವವನ ಮೂತ್ರಕ್ಕೆ ಇರುವೆಗಳು ಮುತ್ತುತ್ತವೆ ಎಂದು ಚರಕಸಂಹಿತೆ ಗುರುತಿಸಿತ್ತು. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 17ನೇ ಶತಮಾನದಲ್ಲಿ ಅದರ ಸಿಹಿಯನ್ನು ಬರೆದಿಟ್ಟ. 1776ರಲ್ಲಿ ಮ್ಯಾಥ್ಯೂ ಡಾಬ್ಸನ್ ಮೂತ್ರವನ್ನು ಬತ್ತಿಸಿ, ಆ ಸಿಹಿ ಸಕ್ಕರೆಯದೇ ಎಂದು ತೋರಿಸಿದ. ಅಲ್ಲಿಯವರೆಗೂ ಇದೆಲ್ಲ ಮನುಷ್ಯನ ಮೂತ್ರದ ಕತೆ.

ನಾಯಿ ಕತೆಯ ನಡುವೆ ಬಂದದ್ದು 1889ರಲ್ಲಿ, ಸ್ಟ್ರಾಸ್‌ಬರ್ಗ್‌ನಲ್ಲಿ. ಆಸ್ಕರ್ ಮಿಂಕೋವ್ಸ್ಕಿ ಮತ್ತು ಯೋಸೆಫ್ ಫಾನ್ ಮೇರಿಂಗ್ ಒಂದು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದರು. ಶಿಸ್ತು ಕಲಿತಿದ್ದ ನಾಯಿ ಕಂಡಲ್ಲೆಲ್ಲ ಉಚ್ಚೆ ಹೊಯ್ಯತೊಡಗಿತು. ಮಿಂಕೋವ್ಸ್ಕಿ ಪರೀಕ್ಷಿಸಿದಾಗ ಅದರಲ್ಲಿ ಸಕ್ಕರೆ! ಮಧುಮೇಹದ ಬೇರು ಎಲ್ಲಿದೆ ಎಂಬುದು ಆಗ ತಿಳಿಯಿತು. ಅದೇ ದಾರಿಯಲ್ಲಿ 1921ರಲ್ಲಿ ಟೊರಾಂಟೊದ ಬ್ಯಾಂಟಿಂಗ್ ಮತ್ತು ಬೆಸ್ಟ್ ಮತ್ತೆ ನಾಯಿಗಳ ಮೇಲೆಯೇ ಪ್ರಯೋಗ ನಡೆಸಿ ಇನ್ಸುಲಿನ್‌ಗೆ ತಲುಪಿದರು.

ಮುಂದೆ ಪರೀಕ್ಷೆ ಸುಲಭವಾಯಿತು. ನೀಲಿ ಬೆನೆಡಿಕ್ಟ್ ದ್ರಾವಣ ಇಟ್ಟಿಗೆ ಕೆಂಪಾಗುವುದನ್ನು ಕಾಲೇಜಿನ ಲ್ಯಾಬಿನಲ್ಲಿ ನೋಡಿದವರು ನಮ್ಮಲ್ಲಿ ಬಹಳ ಜನ. 1956ರಲ್ಲಿ ಅಮೆರಿಕದ ಆಲ್‌ಫ್ರೆಡ್ ಮತ್ತು ಹೆಲೆನ್ ಫ್ರೀ ದಂಪತಿ, ಅದ್ದಿ ತೆಗೆದರೆ ಬಣ್ಣ ತಿರುಗುವ ‘ಕ್ಲಿನಿಸ್ಟಿಕ್ಸ್’ ಪಟ್ಟಿ ತಂದರು. ಅಂಥ ಪಟ್ಟಿಗಳೇ ಇಂದು ಪಶುವೈದ್ಯರ ಮೇಜಿನ ಮೇಲೂ ಇವೆ. ಆದರೆ ಅವು ಮನುಷ್ಯನಿಗೆ ಹೊಲಿದ ಅಂಗಿ, ನಾಯಿಗೆ ಪೂರ್ತಿ ಹೊಂದುವುದಿಲ್ಲ. ಸಕ್ಕರೆಯ ಚೌಕ ನಂಬಬಹುದು. ಬಿಳಿ ರಕ್ತಕಣದ ಚೌಕ ನಾಯಿಯಲ್ಲಿ ಸೋಂಕಿದ್ದರೂ ಸುಮ್ಮನಿರಬಹುದು. ಮೂತ್ರದ ಸಾಂದ್ರತೆಗೆ ರಿಫ್ರಾಕ್ಟೋಮೀಟರೇ ಬೇಕು. 1.030ಕ್ಕಿಂತ ಹೆಚ್ಚಿದ್ದರೆ ನಾಯಿಯ ಮೂತ್ರಪಿಂಡ ನೀರು ಹಿಡಿದಿಡುವ ಕೆಲಸ ಮಾಡುತ್ತಿದೆ ಎಂದು ತಿಳಿಯುತ್ತಾರೆ.

ಇನ್ನು ಆ ಡಿಕಾಕ್ಷನ್ ಬಣ್ಣ. ‘ರಕ್ತ’ ಎಂದು ಪಟ್ಟಿ ಹೇಳುತ್ತದೆ, ಯಾವ ಬಗೆಯದು ಎಂದು ಹೇಳುವುದಿಲ್ಲ. ಉಚ್ಚೆಯನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಾಗ ಕೆಂಪು ತಳಕ್ಕಿಳಿದು ಮೇಲೆ ತಿಳಿಯಾದರೆ ಮೂತ್ರದ ದಾರಿಯಲ್ಲೆಲ್ಲೋ ರಕ್ತಸ್ರಾವ. ಮೇಲೂ ಕೆಂಪಾಗಿಯೇ ಉಳಿದರೆ ರಕ್ತಕಣಗಳು ಮೈಯೊಳಗೇ ಒಡೆಯುತ್ತಿರುವ ಸಂಶಯ. ಹಾಗಾದಾಗ ವೈದ್ಯರು ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಉಣುಗು ಹರಡುವ ಬಬೇಸಿಯಾವನ್ನು ಹುಡುಕುತ್ತಾರೆ. ಇದರ ಒಂದು ಜಾತಿಯನ್ನು 1910ರಲ್ಲಿ ಪ್ಯಾಟನ್ ವಿವರಿಸಿದ್ದು ಮದರಾಸಿನ ಬೇಟೆನಾಯಿಗಳಲ್ಲಿ ಮತ್ತು ನರಿಗಳಲ್ಲಿ. ಉಣುಗೂ ನರಿಯೂ ಇರುವ ನಮ್ಮ ಕಾಡಿಗೆ ಈ ಮಾತು ದೂರದ್ದಲ್ಲ. ಈ ರೋಗಕ್ಕೆ ಔಷಧವಿದೆ. ಮಜ್ಜಿಗೆಯಲ್ಲಿ ಕಳೆದ ಎರಡು ದಿನ ಮಾತ್ರ ಮರಳಿ ಬರುವುದಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಭಯ, ಇಲಿ ಜ್ವರ. 1915ರಲ್ಲಿ ಜಪಾನಿನ ಇನಾಡಾ ಮತ್ತು ಇಡೊ ಇದರ ಸುರುಳಿ ಜೀವಾಣುವನ್ನು ಗುರುತಿಸಿದರು. ಸೋಂಕಿದ ನಾಯಿಯ ಉಚ್ಚೆಯಿಂದ ಅದು ಗದ್ದೆಯ ನೀರಿಗೆ, ಅಲ್ಲಿಂದ ಒಡೆದ ಹಿಮ್ಮಡಿಯ ಮೂಲಕ ಮನುಷ್ಯನಿಗೆ ಬರಬಲ್ಲದು. ಪಟ್ಟಿಗೆ ಇದು ಕಾಣದು, ರಕ್ತದ ಎಂ.ಎ.ಟಿ. ಅಥವಾ ಪಿ.ಸಿ.ಆರ್. ಬೇಕು.

ಹಿಡಿದ ಉಚ್ಚೆಯನ್ನು ಅರ್ಧ-ಒಂದು ಗಂಟೆಯೊಳಗೆ ನೋಡಬೇಕು, ಇಲ್ಲವೇ ಫ್ರಿಜ್ಜಿನಲ್ಲಿಡಬೇಕು. ಜೋಯಿಡಾದ ಒಳಹಳ್ಳಿಯಿಂದ ಬಸ್ಸು ಹಿಡಿದು ಬರುವವರಿಗೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ಹಾಗಾಗಿ ನಾನು ಕೇಳಿದವರಿಗೆ ಹೇಳುವುದಿಷ್ಟು: ಬರಿಗೈಯಲ್ಲಿ ಮುಟ್ಟಬೇಡಿ, ತೊಳೆದ ಡಬ್ಬಿಯಲ್ಲಿ ಹಿಡಿಯಿರಿ, ಬಣ್ಣ ಯಾವಾಗ ತಿರುಗಿತೆಂದು ನೆನಪಿಡಿ, ಮತ್ತು ನಾಯಿಯನ್ನೂ ಜೊತೆಗೆ ಕರೆದೊಯ್ಯಿರಿ.