ಹಾರ್ಲೆಮ್‌ನ ಬೆನ್ನಿ, 1953: ಕಡೇಚೂರಿನಿಂದ ನೋಡಿದ ಒಂದು ಎಪಿಸೋಡ್



ಇವತ್ತು ಒಂದು ಟಿವಿ ಸೀರಿಯಲ್ ಬಗ್ಗೆ ಬರೀತೀನಿ. ನಗಬ್ಯಾಡ್ರಿ, ಪೂರ್ತಿ ಓದ್ರಿ. ಇದು ನಮ್ಮ ಚರಿತ್ರೆಯ ಮಾತೇ.

'ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್' ಅಂತ ಅಮೆರಿಕದ ಸೈನ್ಸ್ ಫಿಕ್ಷನ್ ಸರಣಿ, 1993ರಿಂದ 1999ರ ತನಕ ಬಂತು. 24ನೇ ಶತಮಾನದ ಒಂದು ಬಾಹ್ಯಾಕಾಶ ನಿಲ್ದಾಣ, ಅದರ ಕ್ಯಾಪ್ಟನ್ ಬೆಂಜಮಿನ್ ಸಿಸ್ಕೊ ಎಂಬ ಕಪ್ಪು ಮನುಷ್ಯ. ಅದರಾಗ ನಾನು ಮತ್ತೆ ಮತ್ತೆ ನೋಡೋದು ಒಂದೇ ಎಪಿಸೋಡ್: ಫೆಬ್ರವರಿ 1998ರ 'ಫಾರ್ ಬಿಯಾಂಡ್ ದಿ ಸ್ಟಾರ್ಸ್'. ಸಿಸ್ಕೊ ಪಾತ್ರ ಮಾಡಿದ ಏವರಿ ಬ್ರೂಕ್ಸ್ ಅವರೇ ನಿರ್ದೇಶನ ಮಾಡ್ಯಾರ.

ಕಥೆ ಹಿಂಗದ. ಯುದ್ಧದಿಂದ ಬೇಸತ್ತ ಸಿಸ್ಕೊಗೆ ಒಂದು ಭ್ರಮೆ ಹಿಡೀತದ. ತಾನು 1953ರ ನ್ಯೂಯಾರ್ಕಿನ ಬೆನ್ನಿ ರಸೆಲ್ ಆಗಿಬಿಟ್ಟಿರ್ತಾನೆ. ಬೆನ್ನಿ ಒಂದು ವಿಜ್ಞಾನ ಕಥಾ ಪತ್ರಿಕೆಯ ಲೇಖಕ, ಕಪ್ಪು ಜನಾಂಗದವನು. ಒಂದಿನ ಸಂಪಾದಕ ಹೇಳ್ತಾನೆ, ಓದುಗರು ಲೇಖಕರ ಫೋಟೋ ಕೇಳ್ಯಾರ, ನಾಳೆ ತೆಗೀತೀವಿ ಅಂತ. ಬೆನ್ನಿಗೂ ಅಲ್ಲಿ ಬರೆಯೋ ಹೆಣ್ಣುಮಗಳಿಗೂ ಮಾತ್ರ ನಾಜೂಕಾಗಿ ಸೂಚನೆ: ನೀವಿಬ್ಬರೂ ನಾಳೆ ತಡವಾಗಿ ಏಳ್ರಿ. ಆಕೆ ಬರೆಯೋದೂ ಇನಿಷಿಯಲ್ ಹಾಕಿಕೊಂಡು, ಓದುಗರು ಗಂಡಸು ಅಂದ್ಕೊಳ್ಳಲಿ ಅಂತ. ಬೈಗುಳಿಲ್ಲ, ಹೊಡೆತ ಇಲ್ಲ. ಬರಬ್ಯಾಡ್ರಿ ಅಂತ ನಗುನಗುತ್ತಾ ಹೇಳೋದು. ಈ ನಗು ನಮಗೇನು ಹೊಸದಲ್ಲ.

ಬೆನ್ನಿ ಕಪ್ಪು ಕ್ಯಾಪ್ಟನ್ ಇರೋ ಬಾಹ್ಯಾಕಾಶದ ಕಥೆ ಬರೀತಾನೆ. ಸಂಪಾದಕ ಒಪ್ಪಲ್ಲ. ಕೊನೆಗೆ ಒಂದು ರಾಜಿ: ಇಡೀ ಕಥೆ ಒಬ್ಬ ಕಪ್ಪು ಹುಡುಗ ಕಂಡ ಕನಸು ಅಂತ ಮಾಡು, ಹಾಕ್ತೀನಿ. ಬೆನ್ನಿ ಒಪ್ತಾನೆ. ಅದೇ ಖುಷಿಯಲ್ಲಿ ಇರುವಾಗ ಪೊಲೀಸರು ಅವನ ಪರಿಚಯದ ಹುಡುಗನನ್ನ ಗುಂಡಿಟ್ಟು ಕೊಲ್ತಾರ, ಕೇಳೋಕೆ ಹೋದ ಬೆನ್ನಿಯನ್ನ ಬೀದಿಯಲ್ಲೇ ಬಡೀತಾರ. ಮೈ ಸುಧಾರಿಸಿಕೊಂಡು ಆಫೀಸಿಗೆ ಬಂದ್ರೆ ಗೊತ್ತಾಗ್ತದ, ಮಾಲೀಕ ಅಚ್ಚಾದ ಇಡೀ ಸಂಚಿಕೆಯನ್ನ ರದ್ದಿಗೆ ಹಾಕಿಸ್ಯಾನ. ಬೆನ್ನಿಯ ಕೆಲಸವೂ ಹೋತು. ಅಲ್ಲಿ ಬೆನ್ನಿ ಕುಸಿದು ಅಳೋ ದೃಶ್ಯ ಇದೆಯಲ್ಲ, ಕೆಲವರು ಅದನ್ನ ಅತಿ ನಟನೆ ಅಂತಾರ. ಅವರಿಗೆ ಹಂಗ ಕಾಣಬಹುದು. ನನಗೆ ಸಪ್ಪೆ ಅನ್ನಿಸೋದು ಬೀದಿ ಪ್ರವಚನಕಾರನ ಭಾಗ.

ಇದು ಬರೀ ಕಲ್ಪನೆ ಅಲ್ಲ. ಅದೇ 1953ರಲ್ಲಿ 'ಜಡ್ಜ್‌ಮೆಂಟ್ ಡೇ' ಅಂತ ಒಂದು ಕಾಮಿಕ್ಸ್ ಕಥೆ ಬಂತು. ಬರೆದವರು ಆಲ್ ಫೆಲ್ಡ್‌ಸ್ಟೈನ್, ಚಿತ್ರ ಜೋ ಒರ್ಲಾಂಡೊ. ಒಂದು ಗ್ರಹದಲ್ಲಿ ಬರೀ ರೋಬೋಟ್‌ಗಳು. ಕಿತ್ತಳೆ ಬಣ್ಣದವಕ್ಕೆ ಎಲ್ಲ ಹಕ್ಕು, ನೀಲಿ ಬಣ್ಣದವಕ್ಕೆ ಊರಾಚೆ ವಾಸ. ಭೂಮಿಯಿಂದ ಹೋದ ಅಧಿಕಾರಿ ಕಾರ್ಖಾನೆ ನೋಡ್ತಾನೆ: ಒಳಗಿನ ಯಂತ್ರ ಎರಡಕ್ಕೂ ಒಂದೇ, ಮೇಲಿನ ಹೊದಿಕೆ ಮಾತ್ರ ಬೇರೆ. ನೀವಿನ್ನೂ ನಮ್ಮ ಒಕ್ಕೂಟ ಸೇರೋಕೆ ಲಾಯಕ್ಕಿಲ್ಲ ಅಂತ ಹೇಳಿ ಹೊರಡ್ತಾನೆ. ಕೊನೇ ಚಿತ್ರದಲ್ಲಿ ಹೆಲ್ಮೆಟ್ ತೆಗೆದ್ರೆ ಅವನು ಕಪ್ಪು ಮನುಷ್ಯ. ಊರು-ಕೇರಿ ಕಂಡ ನಮಗೆ ಇದಕ್ಕೆ ಟಿಪ್ಪಣಿ ಬೇಕಾ? 1956ರಲ್ಲಿ ಇದನ್ನ ಮರುಮುದ್ರಣ ಮಾಡೋಕೆ ಹೋದಾಗ ಕಾಮಿಕ್ಸ್ ಸೆನ್ಸಾರಿನವರು ಆ ಮುಖದ ಬಣ್ಣ ಬದಲಿಸ್ರಿ ಅಂದ್ರು. ಪ್ರಕಾಶಕ ವಿಲಿಯಂ ಗೇನ್ಸ್ ಜಗಳ ಮಾಡಿ ಹಂಗೇ ಅಚ್ಚು ಹಾಕಿದ. 1967ರಲ್ಲೂ ಸ್ಯಾಮ್ಯುಯೆಲ್ ಡಿಲೇನಿ ಅವರ 'ನೋವಾ' ಕಾದಂಬರಿಯನ್ನ 'ಅನಲಾಗ್' ಪತ್ರಿಕೆಯ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ತಿರಸ್ಕರಿಸಿದ್ರು. ಕಾರಣ? ಕಪ್ಪು ನಾಯಕನ ಜೊತೆ ಓದುಗರಿಗೆ ಹೊಂದಿಕೆ ಆಗಲ್ಲವಂತೆ.

ಈಗ ನಮ್ಮ ಕಡೆ ಬರೋಣ.

ಬೆನ್ನಿ ಇದ್ದದ್ದು ಹಾರ್ಲೆಮ್. ಬಾಬಾಸಾಹೇಬರು 1913ರಿಂದ 1916ರ ತನಕ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಅದಕ್ಕೆ ಹತ್ತಿಕೊಂಡೇ ಇದೆ. ಬೆನ್ನಿಯ ಕಥೆಗೆ ಒಂದು ವರ್ಷ ಮೊದಲು, ಜೂನ್ 1952ರಲ್ಲಿ, ಗೌರವ ಡಾಕ್ಟರೇಟ್ ಪಡೆಯೋಕೆ ಬಾಬಾಸಾಹೇಬರು ಅಲ್ಲಿಗೆ ಹೋಗಿದ್ರು. 1946ರಲ್ಲಿ ಅವರು ಕಪ್ಪು ಜನರ ನಾಯಕ ಡು ಬಾಯ್ಸ್ ಅವರಿಗೆ ಪತ್ರ ಬರೆದದ್ದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಅದೇ ಡು ಬಾಯ್ಸ್ ಒಂದು ವಿಜ್ಞಾನ ಕಥೆನೂ ಬರೆದಿದ್ರು ಅನ್ನೋದು ಎಷ್ಟು ಜನರಿಗೆ ಗೊತ್ತು? 'ದಿ ಕಾಮೆಟ್', 1920ರಲ್ಲಿ ಪ್ರಕಟ. ಧೂಮಕೇತುವಿನ ವಿಷಗಾಳಿಗೆ ನ್ಯೂಯಾರ್ಕ್ ಸತ್ತಾಗ ಬದುಕುಳಿಯೋ ಕಪ್ಪು ನೌಕರನ ಕಥೆ.

ಅದೇ 1920ರ ಜನವರಿ 31ಕ್ಕೆ 'ಮೂಕನಾಯಕ' ಶುರುವಾಯ್ತು. ತಿಲಕರು ಸ್ಥಾಪಿಸಿದ 'ಕೇಸರಿ' ಪತ್ರಿಕೆ ದುಡ್ಡು ಕೊಡ್ತೀವಿ ಅಂದ್ರೂ ಅದರ ಜಾಹೀರಾತು ಹಾಕಲಿಲ್ಲ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಭಾಷಣಕ್ಕೆ ಕರೆದು, ಅಚ್ಚಾದ ಭಾಷಣ ಓದಿ ಹೆದರಿ, ಸಮ್ಮೇಳನವನ್ನೇ ರದ್ದು ಮಾಡ್ತು. ಒಂದು ಅಲ್ಪವಿರಾಮ ಕೂಡ ಬದಲಿಸಲ್ಲ ಅಂತ ಬಾಬಾಸಾಹೇಬರು ಪಟ್ಟು ಹಿಡಿದಿದ್ರು. ತಮ್ಮ ಖರ್ಚಲ್ಲೇ 1,500 ಪ್ರತಿ ಹೊರತಂದ್ರು. ಅದೇ 'ಜಾತಿ ವಿನಾಶ'. ಬೆನ್ನಿ ರಾಜಿಯಾದ, ಬಾಬಾಸಾಹೇಬರು ಆಗಲಿಲ್ಲ ಅಂತ ಹೇಳೋದು ಸುಲಭ. ಆದ್ರೆ ಬೆನ್ನಿ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಸ್ವಂತ ಪತ್ರಿಕೆ ಇರಲಿಲ್ಲ. 'ಮೂಕನಾಯಕ'ಕ್ಕೆ ಶಾಹು ಮಹಾರಾಜರ 2,500 ರೂಪಾಯಿ ಇತ್ತು.

1953ರಲ್ಲಿ ನಮ್ಮ ಕಡೇಚೂರು ಹೈದರಾಬಾದ್ ರಾಜ್ಯದ ಗುಲ್ಬರ್ಗ ಜಿಲ್ಲೆಯ ಒಂದು ಹಳ್ಳಿ. ಇದೇ ಗುಲ್ಬರ್ಗದಲ್ಲಿ 1968ರಲ್ಲಿ ಬಿ. ಶ್ಯಾಮಸುಂದರ್ ಭೀಮಸೇನೆ ಕಟ್ಟಿದ್ರು. ಬಾಂಬೆಯ ದಲಿತ್ ಪ್ಯಾಂಥರ್ಸ್‌ಗಿಂತ ನಾಕು ವರ್ಷ ಮೊದಲು. ಪ್ಯಾಂಥರ್ಸ್ ಹೆಸರು ಎಲ್ಲರ ಬಾಯಲ್ಲಿ ಅದ, ಶ್ಯಾಮಸುಂದರ್ ಹೆಸರು ನಮ್ಮ ಜಿಲ್ಲೆಯ ಹುಡುಗರಿಗೇ ಗೊತ್ತಿಲ್ಲ. ಯಾರ ಫೋಟೋ ತೆಗೀಬೇಕು ಅಂತ ಯಾರು ನಿರ್ಧಾರ ಮಾಡ್ತಾರ, ಹೇಳ್ರಿ?

ಇನ್ನು ಈಗಿನ ಕಡೇಚೂರು. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ಮೂರು ಸಾವಿರ ಎಕರೆಗೂ ಮಿಕ್ಕಿ ಭೂಮಿ ಹೋತು. 'ಭವಿಷ್ಯ ಬರ್ತದ' ಅಂದ್ರು. ಬಂತು ಕೂಡ. ರಾತ್ರಿ ಕಿಟಕಿ ತೆಗೆದ್ರೆ ಮೂಗಿಗೆ ಹೊಡೀತದ. ಜಮೀನೇ ಇಲ್ಲದ, ಕೂಲಿ ಮಾಡ್ತಿದ್ದ ನಮ್ಮ ಮಂದಿಗೆ ಪರಿಹಾರದ ಚೆಕ್ಕೂ ಇಲ್ಲ, ಹೊಲದ ಕೆಲಸವೂ ಇಲ್ಲ. ಆ ಭವಿಷ್ಯದೊಳಗೆ ಗೇಟಿನ ಹೊರಗೋ, ಗುತ್ತಿಗೆ ಕಸಬರಿಗೆ ಹಿಡಿದೋ ನಿಲ್ಲೋದು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕಳೆದ ವಾರ ಈ ಎಪಿಸೋಡನ್ನ ಕೇರಿ ಹುಡುಗರಿಗೆ ಲ್ಯಾಪ್‌ಟಾಪಲ್ಲಿ ತೋರಿಸಿದೆ. ನಡುನಡುವೆ ನಿಲ್ಲಿಸಿ ಕನ್ನಡದಾಗ ಹೇಳ್ಕೊಂತ ಹೋದೆ, ಮುಕ್ಕಾಲು ಗಂಟೆದು ಎರಡು ತಾಸು ಹಿಡೀತು. ಮುಗಿದ ಮ್ಯಾಲೆ ಪಿಯುಸಿ ಓದೋ ಒಬ್ಬಳು ಕೇಳಿದ್ಲು: "ಅಣ್ಣಾ, 2300ನೇ ಇಸ್ವಿ ಒಳಗ ನಮ್ಮ ಊರು ಹೆಂಗಿರ್ತದ ಅಂತ ನಾನು ಬರೀಲಾ?"

ಬರಿ ಅಂದೀನಿ. ನೀವೂ ಬರೀರಿ, ನನಗೆ ಕಳಿಸ್ರಿ, ಇದೇ ಪೇಜಲ್ಲಿ ಹಾಕ್ತೀನಿ. ಕೊನೆಗೆ 'ಇದೆಲ್ಲ ಕನಸಾಗಿತ್ತು' ಅಂತ ಮಾತ್ರ ಬರೀಬ್ಯಾಡ್ರಿ.