ಬಸ್ರೂರು ಬೇರೆ, ಬಾರಕೂರು ಬೇರೆ

ಕೆಲವು ವರ್ಷಗಳ ಹಿಂದೆ ಕನ್ನಡ ವಿಕಿಪೀಡಿಯದಲ್ಲಿ ನಾನೊಂದು ತಪ್ಪು ಮಾಡಿದೆ. ಕರಾವಳಿಯ ಹಳೆಯ ಬಂದರುಗಳ ಬಗ್ಗೆ ಬರೆಯುತ್ತಿದ್ದಾಗ ಪೋರ್ಚುಗೀಸರ ದಾಖಲೆಯ ‘ಬಾರ್ಸೆಲೋರ್’ ಎಂಬ ಹೆಸರು ಎದುರಾಯಿತು. ಮೊದಲ ಅಕ್ಷರ ನೋಡಿದವನೇ ಇದು ನಮ್ಮ ಬಾರಕೂರೇ ಇರಬೇಕು ಅಂದುಕೊಂಡು, ಆ ಪದಕ್ಕೆ ಬಾರಕೂರಿನ ಪುಟದ ಕೊಂಡಿ ಹಾಕಿ ಮಲಗಿಬಿಟ್ಟೆ.

ಕೆಲವು ದಿನಗಳ ಮೇಲೆ ಯಾರೋ ಅದನ್ನು ತಿದ್ದಿದ್ದರು. ಜೊತೆಗೆ ಒಂದು ಸಾಲಿನ ಟಿಪ್ಪಣಿ: “ಬಸ್ರೂರ್ ಬೇರೆ, ಬಾರ್ಕೂರ್ ಬೇರೆ ಮರಾಯ್ರೆ.” ನಗು ಬಂತು. ಆದರೆ ಅಷ್ಟರಲ್ಲಿ ಪರಿಚಯದ ವಿದ್ಯಾರ್ಥಿಯೊಬ್ಬ ನನ್ನ ಕೊಂಡಿಯನ್ನೇ ನಂಬಿ ತನ್ನ ಪ್ರಬಂಧ ಬರೆದು ಒಪ್ಪಿಸಿಯಾಗಿತ್ತು ಎಂದು ತಿಳಿದಾಗ ನಗು ನಿಂತಿತು.

ಆ ಒಂದು ಕೊಂಡಿಯಿಂದ ಏನಾಗಿತ್ತು ನೋಡಿ. ಬಸ್ರೂರು ಇರುವುದು ಕುಂದಾಪುರದ ಬಳಿ, ವಾರಾಹಿ ನದಿಯ ದಂಡೆಯಲ್ಲಿ. ಅಕ್ಕಿಯ ವ್ಯಾಪಾರಕ್ಕೆ ಹೆಸರಾದ ಪೇಟೆ. ಪೋರ್ಚುಗೀಸರು 1569ರಲ್ಲಿ ವಶಪಡಿಸಿಕೊಂಡು ಕೋಟೆ ಕಟ್ಟಿದ್ದು, 1650ರ ದಶಕದ ಆರಂಭದಲ್ಲಿ ಕೆಳದಿಯ ಶಿವಪ್ಪನಾಯಕ ಅವರನ್ನು ಹೊರಗಟ್ಟಿದ್ದು, 1665ರಲ್ಲಿ ಶಿವಾಜಿ ಹಡಗುಗಳೊಡನೆ ಬಂದು ಸೂರೆ ಮಾಡಿದ್ದು ಎಲ್ಲವೂ ಈ ಬಸ್ರೂರಿನ ಕಥೆ. ಬಾರಕೂರು ಸೀತಾ ನದಿಯ ಬದಿಯದು, ಈಗ ಬ್ರಹ್ಮಾವರ ತಾಲ್ಲೂಕಿನಲ್ಲಿದೆ. ಆಳುಪರ ರಾಜಧಾನಿಯಾಗಿ, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರವಾಗಿ ಮೆರೆದ ಊರು. ನನ್ನ ಕೊಂಡಿ ವಾರಾಹಿಯ ಬಂದರನ್ನು ಎತ್ತಿ ಸೀತಾ ನದಿಯ ಪಕ್ಕದಲ್ಲಿ ಇಟ್ಟಿತ್ತು. ಪುಟದಲ್ಲಿ ಒಂದು ವಾಕ್ಯವೂ ಸುಳ್ಳಾಗಿರಲಿಲ್ಲ, ಸುಳ್ಳು ಇದ್ದದ್ದು ಕೊಂಡಿಯಲ್ಲಿ. ಹಾಗಾಗಿಯೇ ಓದಿದವರಿಗೆ ಅನುಮಾನ ಬರಲಿಲ್ಲ.

ಈ ಎರಡು ಊರುಗಳಿಗೆ ಹೊರಗಿನವರು ಇಟ್ಟ ಹೆಸರುಗಳು ಹಲವು. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಬಸ್ರೂರನ್ನು ‘ಅಬೂ ಸರೂರ್’ ಎಂದೂ ಬಾರಕೂರನ್ನು ‘ಫಾಕನೂರ್’ ಎಂದೂ ಕರೆದ. ಪೋರ್ಚುಗೀಸರ ಬಾಯಲ್ಲಿ ಬಾರಕೂರು ‘ಬಕನೂರ್’ ಆಯಿತು. ಇಂಥ ಪ್ರತಿ ಹೆಸರಿಗೂ ವಿಕಿಯಲ್ಲಿ ಒಂದು ಪುನರ್ನಿರ್ದೇಶನ ಪುಟ ಮಾಡಿಟ್ಟರೆ, ‘ಬಾರ್ಸೆಲೋರ್’ ಎಂದು ಹುಡುಕಿದವರು ನೇರವಾಗಿ ಬಸ್ರೂರಿಗೆ ಬಂದು ಇಳಿಯುತ್ತಾರೆ. ಮಾಡಿಡದಿದ್ದರೆ ಒಂದೇ ಊರಿನ ಚರಿತ್ರೆ ಮೂರು ಹೆಸರುಗಳಲ್ಲಿ ಹರಿದು ಹಂಚಿಹೋಗುತ್ತದೆ.

ಒಂದು ಬರಹದಿಂದ ಇನ್ನೊಂದಕ್ಕೆ ದಾರಿ ತೋರಿಸುವುದು ಕನ್ನಡಕ್ಕೆ ಹೊಸತೇನಲ್ಲ. ಬ್ರಹ್ಮಾವರದ ಬಳಿಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಒಂಟಿಯಾಗಿ ಮಾಡಿದರು. ಮೈಸೂರು ವಿಶ್ವವಿದ್ಯಾನಿಲಯದ ಹದಿನಾಲ್ಕು ಸಂಪುಟಗಳ ‘ಕನ್ನಡ ವಿಶ್ವಕೋಶ’ದಲ್ಲಿ ಬರಹದ ನಡುವೆ ‘ನೋಡಿ’ ಎಂದು ಬೇರೆ ಶೀರ್ಷಿಕೆಯ ಹೆಸರು ಬರುತ್ತದೆ. ಆ ‘ನೋಡಿ’ಯನ್ನು ಪಾಲಿಸಬೇಕಾದರೆ ಎದ್ದು ಹೋಗಿ ಇನ್ನೊಂದು ಸಂಪುಟ ಇಳಿಸಬೇಕು. ಅಷ್ಟು ಶ್ರಮ ಕೊಡಿಸುವ ಪದವಾದ್ದರಿಂದ ಸಂಪಾದಕರು ಅದನ್ನು ಯೋಚಿಸಿಯೇ ಹಾಕುತ್ತಿದ್ದರು.

ವಾರ್ಡ್ ಕನ್ನಿಂಗ್‌ಹ್ಯಾಮ್ 1995ರ ಮಾರ್ಚ್‌ನಲ್ಲಿ ಮೊದಲ ವಿಕಿಯನ್ನು ತೆರೆದಾಗ ಆ ಶ್ರಮ ಹೋಯಿತು. ಅದರಲ್ಲಿ ಇಂಗ್ಲಿಷಿನ ದೊಡ್ಡಕ್ಷರದಿಂದ ಶುರುವಾಗುವ ಎರಡು ಪದಗಳನ್ನು ಅಂಟಿಸಿ ಬರೆದರೆ ಸಾಕು, ಕೊಂಡಿ ತಾನಾಗಿ ಮೂಡುತ್ತಿತ್ತು. ಕನ್ನಡದಲ್ಲಿ ದೊಡ್ಡಕ್ಷರವೂ ಇಲ್ಲ, ಸಣ್ಣಕ್ಷರವೂ ಇಲ್ಲ. ಆ ಪದ್ಧತಿಯೇ ಉಳಿದಿದ್ದರೆ ನಾವು ಕೊಂಡಿ ಹಾಕುವಂತೆಯೇ ಇರಲಿಲ್ಲ. 2001ರಲ್ಲಿ ಹುಟ್ಟಿದ ವಿಕಿಪೀಡಿಯ ಬೇಗನೆ ಜೋಡಿ ಚೌಕಾವರಣಕ್ಕೆ ಹೊರಳಿತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಸಿಕ್ಕಿದ್ದು ಅದೇ.

ಆದರೂ ಕನ್ನಡಕ್ಕೆ ಅದರದೇ ತೊಡಕುಗಳಿವೆ. ನಮ್ಮ ಪದಗಳಿಗೆ ವಿಭಕ್ತಿ ಅಂಟಿಕೊಳ್ಳುತ್ತದೆ. ಪುಟದ ಹೆಸರು ‘ಕುಂದಾಪುರ’, ವಾಕ್ಯದಲ್ಲಿ ಬರುವುದು ‘ಕುಂದಾಪುರದಲ್ಲಿ’, ‘ಕುಂದಾಪುರಕ್ಕೆ’. ಹಾಗೆಯೇ ಆವರಣ ಹಾಕಿದರೆ ಇಲ್ಲದ ಪುಟಕ್ಕೆ ದಾರಿ ಮಾಡಿದಂತೆ. [[ಕುಂದಾಪುರ|ಕುಂದಾಪುರದಲ್ಲಿ]] ಎಂದು ನಡುವೆ ಗೆರೆ ಎಳೆದು ಬರೆಯಬೇಕು. ಇನ್ನೊಂದು ತೊಡಕು ಕಣ್ಣಿಗೇ ಕಾಣುವುದಿಲ್ಲ. ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಕೀಲಿಮಣೆ ಒಂದು ಅಗೋಚರ ಸಂಕೇತವನ್ನು ಸೇರಿಸುತ್ತದೆ. ಪರದೆಯ ಮೇಲೆ ಒಂದೇ ಥರ ಕಾಣುವ ಎರಡು ಹೆಸರುಗಳು ಯಂತ್ರಕ್ಕೆ ಬೇರೆ ಬೇರೆ. ಹೀಗಾಗಿ ಕೊಂಡಿ ಹಾಕಿದ ಮೇಲೆ ಒಮ್ಮೆ ಒತ್ತಿ ನೋಡಲೇಬೇಕು.

ಒತ್ತಿ ನೋಡಿದರಷ್ಟೇ ಸಾಲದು, ತೆರೆದ ಪುಟವನ್ನು ಓದಬೇಕು. ಕುಂದಾಪುರದ ಲೇಖಕಿ ವೈದೇಹಿಯವರ ಹೆಸರಿನ ಕೊಂಡಿ ರಾಮಾಯಣದ ಸೀತೆಯ ಪುಟಕ್ಕೆ ಹೋಗಬಾರದು. ಕಾರಂತರ ಕೋಟ ರಾಜಸ್ಥಾನದ ಕೋಟಾ ಆಗಬಾರದು, ನೀಲಗಿರಿಯ ಕೋಟ ಜನಾಂಗವೂ ಆಗಬಾರದು. ಮೂರಕ್ಕೂ ದಾರಿ ತೋರಿಸುವ ದ್ವಂದ್ವ ನಿವಾರಣೆ ಪುಟ ಇರುವುದು ಇದಕ್ಕೇ.

ಇಂದು ಸರಿಯಾಗಿರುವ ಕೊಂಡಿ ನಾಳೆ ತಪ್ಪಬಹುದು. ಮರವಂತೆಯಲ್ಲಿ ಸಮುದ್ರಕ್ಕೂ ಸೌಪರ್ಣಿಕಾ ನದಿಗೂ ನಡುವೆ ಓಡುವ ರಸ್ತೆ ಬಹುಕಾಲ ರಾಷ್ಟ್ರೀಯ ಹೆದ್ದಾರಿ 17 ಆಗಿತ್ತು. 2010ರಲ್ಲಿ ಹೆದ್ದಾರಿಗಳ ಸಂಖ್ಯೆ ಬದಲಾಗಿ ಅದು 66 ಆಯಿತು. ಈಗಿನ 17 ಇರುವುದು ಪಶ್ಚಿಮ ಬಂಗಾಳ ಮತ್ತು ಅಸ್ಸಾಮಿನಲ್ಲಿ. ಹಳೆಯ ಲೇಖನದ ‘17’ನ್ನು ಕಣ್ಣುಮುಚ್ಚಿ ಜೋಡಿಸಿದರೆ ಮರವಂತೆಗೆ ಹೊರಟವರು ಗುವಾಹಟಿ ಸೇರುತ್ತಾರೆ!

ತಾಲ್ಲೂಕುಗಳದೂ ಇದೇ ಕಥೆ. ಗೋಪಾಲಕೃಷ್ಣ ಅಡಿಗರು 1918ರಲ್ಲಿ ಮೊಗೇರಿಯಲ್ಲಿ ಹುಟ್ಟಿದಾಗ ಅದು ಮದರಾಸು ಪ್ರಾಂತ್ಯದ, ದಕ್ಷಿಣ ಕನ್ನಡ ಜಿಲ್ಲೆಯ ಕುಂದಾಪುರ ತಾಲ್ಲೂಕಿನ ಹಳ್ಳಿ. 1997ರಲ್ಲಿ ಉಡುಪಿ ಜಿಲ್ಲೆಯಾಯಿತು, 2018ರಲ್ಲಿ ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಾದವು. ಅಡಿಗರು ಬೈಂದೂರು ತಾಲ್ಲೂಕಿನಲ್ಲಿ ಹುಟ್ಟಿದರು ಎಂದರೆ ಚರಿತ್ರೆ ತಪ್ಪುತ್ತದೆ, ಮೊಗೇರಿ ಈಗಲೂ ಕುಂದಾಪುರ ತಾಲ್ಲೂಕಿನದು ಎಂದರೆ ಭೂಗೋಳ ತಪ್ಪುತ್ತದೆ. ‘ಆಗಿನ ಕುಂದಾಪುರ, ಈಗಿನ ಬೈಂದೂರು’ ಎಂದು ಎರಡನ್ನೂ ಹೇಳಿ ಎರಡಕ್ಕೂ ಕೊಂಡಿ ಕೊಡುವುದು ಸರಿಯಾದ ದಾರಿ.

ಹಾಗೆಂದು ಸಿಕ್ಕ ಸಿಕ್ಕ ಪದಕ್ಕೆಲ್ಲ ಕೊಂಡಿ ಬೇಡ. ಬಸ್ರೂರಿನ ಲೇಖನದಲ್ಲಿ ‘ಅಕ್ಕಿ’, ‘ನದಿ’, ‘ಹಡಗು’ ಎಲ್ಲ ನೀಲಿಯಾದರೆ ‘ಶಿವಪ್ಪನಾಯಕ’ ಅವುಗಳ ನಡುವೆ ಕಳೆದುಹೋಗುತ್ತಾನೆ. ಓದುಗರಿಗೆ ಮುಂದೆ ಬೇಕಾಗುವ ಹೆಸರಿಗೆ, ಅದು ಮೊದಲು ಬಂದಾಗ ಒಂದು ಸಲ ಹಾಕಿದರೆ ಸಾಕು. ಇನ್ನೂ ಪುಟವಿಲ್ಲದ ವಿಷಯದ ಕೆಂಪು ಕೊಂಡಿಗೆ ಹೆದರಬೇಕಿಲ್ಲ. ನಮ್ಮ ಊರಿನ ಒಂದು ಬಂದರೋ ಕೆರೆಯೋ ಬರಹಕ್ಕೆ ಕಾದಿದೆ ಎಂದು ಮುಂದಿನವರಿಗೆ ಹೇಳುವ ಬಗೆ ಅದು.

ಈಗ ಕರಾವಳಿಯ ಯಾವ ಪುಟ ತಿದ್ದಿದರೂ ಅಲ್ಲಿಂದ ಹೊರಡುವ ಕೊಂಡಿಗಳನ್ನು ಒತ್ತಿ ಓದುತ್ತೇನೆ, ಆ ಪುಟಕ್ಕೆ ಎಲ್ಲೆಲ್ಲಿಂದ ದಾರಿಯಿದೆ ಎಂಬ ಪಟ್ಟಿಯನ್ನೂ ನೋಡುತ್ತೇನೆ. ನನ್ನ ಆ ತಪ್ಪು, ಅದರ ಮುಂದಿನ ತಿದ್ದುಪಡಿ ಎರಡೂ ಪುಟದ ಇತಿಹಾಸದಲ್ಲಿ ಹಾಗೇ ಉಳಿದಿವೆ. ಅಳಿಸಲಾಗುವುದಿಲ್ಲ, ಅಳಿಸಬೇಕು ಎಂದು ನನಗೆ ಅನ್ನಿಸುವುದೂ ಇಲ್ಲ. ಪ್ರಬಂಧ ಬರೆದ ಹುಡುಗನಿಗೆ ಮಾತ್ರ ಫೋನು ಮಾಡಿ ಹೇಳಿದೆ: ಬಸ್ರೂರು ಬೇರೆ, ಬಾರಕೂರು ಬೇರೆ, ತಪ್ಪು ನಿನ್ನದಲ್ಲ.