ಹಲಗಲಿಗೆ ನೇಣು, ಕೊಡಗಿಗೆ ಕೋವಿ

ಸೊಂಟಕ್ಕೊಂದು ರಿವಾಲ್ವರ್ ಸಿಕ್ಕಿಸಿಕೊಂಡು ಮದುವೆ ಮನೆಗೆ ಬರೋ ಪುಢಾರಿಗಳನ್ನ ನೀವೂ ನೋಡಿರ್ತೀರಿ. ಅವರಿಗೆ ಲೈಸೆನ್ಸ್ ಕೊಟ್ಟವರು ಯಾರು, ಯಾಕೆ ಕೊಟ್ಟರು? ಉತ್ತರ ಬೇಕಿದ್ದರೆ 1857ಕ್ಕೆ ಹೋಗಬೇಕು.

ಉತ್ತರದಲ್ಲಿ ಸಿಪಾಯಿಗಳು ದಂಗೆ ಎದ್ದ ವರ್ಷ ಅದು. ಹೆದರಿದ ಕಂಪನಿ ಸರ್ಕಾರ ಆಯುಧಗಳ ಮೇಲೆ ಕಾನೂನು ತಂದಿತು. ಮುಧೋಳದ ಪಕ್ಕದ ಹಲಗಲಿಯ ಬೇಡರು ಮಾತ್ರ ಒಪ್ಪಲಿಲ್ಲ. ಬೇಟೆಯೇ ಬದುಕಾದವನ ಕೈಯಿಂದ ಆಯುಧ ಕಿತ್ತುಕೊಂಡರೆ ಉಳಿಯೋದೇನು ಸ್ವಾಮಿ? ಇಂಗ್ಲಿಷರ ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಸೆರೆ ಸಿಕ್ಕವರಲ್ಲಿ 19 ಮಂದಿಯನ್ನು ಆ ಡಿಸೆಂಬರಿನಲ್ಲಿ ನೇಣಿಗೇರಿಸಿದರು. ಜಡಗ, ಬಾಲ, ಹನುಮ, ರಾಮ ಲಾವಣಿಯಲ್ಲಿ ಉಳಿದರು.

ಈಗ ಕೊಡಗಿಗೆ ಬನ್ನಿ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟ. ಕಾರಣ? ದಂಗೆಯ ಹೊತ್ತಲ್ಲಿ ತೋರಿದ ನಿಷ್ಠೆ. ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಪೂಜಿಸೋ ಜನ ಅವರು. ಆ ಸಂಪ್ರದಾಯಕ್ಕೆ ಗೌರವ ಸಲ್ಲಲೇಬೇಕು. ಆದರೆ ಲೆಕ್ಕ ಗಮನಿಸಿ: ಒಂದೇ ದಂಗೆ, ಒಂದು ಊರಿಗೆ ನೇಣು, ಇನ್ನೊಂದು ನಾಡಿಗೆ ವಿನಾಯಿತಿ. ಸರ್ಕಾರ ಕೇಳಿದ್ದು ಒಂದೇ ಪ್ರಶ್ನೆ: ನೀನು ನಮ್ಮವನಾ, ಅಲ್ಲವಾ?

1878ರಲ್ಲಿ ವೈಸರಾಯ್ ಲಿಟ್ಟನ್ ಇದನ್ನೇ ಇಡೀ ದೇಶದ ಕಾನೂನು ಮಾಡಿದ. ಭಾರತೀಯನಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನನಿಗೆ ಬೇಡ. ಅಹಿಂಸೆಯ ಗಾಂಧೀಜಿಯೇ ಈ ಕಾನೂನನ್ನು ಕಟುವಾಗಿ ಖಂಡಿಸಿದ್ದರು ಅಂದರೆ ಅವಮಾನ ಎಷ್ಟಿತ್ತು ಯೋಚಿಸಿ.

ಸ್ವತಂತ್ರ ಭಾರತ 1959ರಲ್ಲಿ ಹೊಸ ಆಯುಧ ಕಾಯ್ದೆ ಬರೆಯಿತು. ಪ್ರಶ್ನೆ ಬದಲಾಯಿತು: ನಿನಗೆ ಇದು ಯಾಕೆ ಬೇಕು? ಬೆಳೆ ಕಾಯೋ ರೈತನ ಉದ್ದ ನಳಿಗೆಯ ಬಂದೂಕಿಗೆ ಕಾಯ್ದೆ ಸಲೀಸಾದ ದಾರಿ ಇಟ್ಟಿತು. ಪಿಸ್ತೂಲು, ರಿವಾಲ್ವರ್ ಕೇಳುವವನು ಮಾತ್ರ ಸೂಕ್ತ ಕಾರಣ ತೋರಿಸಬೇಕು. 21 ವರ್ಷ ತುಂಬಿರಬೇಕು, ಪೊಲೀಸ್ ವರದಿ ಬರಬೇಕು. 9 ಎಂಎಂ ಪಿಸ್ತೂಲು ನಿಷೇಧಿತ ಬೋರ್, ಸಾಮಾನ್ಯನಿಗೆ ಸಿಗೋದು .32ರಂಥವು. 2019ರ ತಿದ್ದುಪಡಿ ಒಬ್ಬನ ಬಳಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು.

ಅದೇ ಕಾಯ್ದೆಯಲ್ಲಿ ಒಂದು ಚಂದದ ಮಾತಿದೆ: ಆಸ್ತಿ ಸಾಲದು ಅನ್ನೋ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಕಾರಣ ಬರೆದಿಡಬೇಕು, ಅರ್ಜಿದಾರ ಮೇಲ್ಮನವಿ ಹಾಕಬಹುದು. ಅಂದರೆ ಬಡವನ ಜೀವಕ್ಕೂ ಬೆದರಿಕೆ ಇರಬಹುದು ಅಂತ ಶಾಸನ ಒಪ್ಪಿಕೊಂಡಿದೆ.

ಹಾಗಂತ ಎಲ್ಲರ ಕೈಗೂ ರಿವಾಲ್ವರ್ ಕೊಡಿ ಅಂತ ನಾನು ಹೇಳ್ತಿಲ್ಲ. ಕಡಿಮೆ ಬಂದೂಕಿದ್ದಷ್ಟೂ ಊರಿಗೆ ಕ್ಷೇಮ. ನನ್ನ ತಕರಾರು ಬೇರೆ. ಸೂಕ್ತ ಕಾರಣ ಯಾವುದು ಅಂತ ತೀರ್ಮಾನಿಸೋ ಪೆನ್ನು ಜಿಲ್ಲಾಧಿಕಾರಿಯ ಕೈಲಿದೆ, ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್ ಕೈಲಿದೆ. ಆ ಪೆನ್ನು ಬೆದರಿಕೆಯನ್ನ ಅಳೆಯಬೇಕೇ ಹೊರತು ಅರ್ಜಿದಾರನ ಬಳಗವನ್ನಲ್ಲ. ಯಾರು ನಮ್ಮವರು ಅಂತ ನೋಡಿ ಆಯುಧ ಹಂಚೋದು ಕಂಪನಿ ಸರ್ಕಾರದ ಚಾಳಿ. ಅದು ಹಲಗಲಿಯ ಮಣ್ಣಲ್ಲೇ ಮುಗಿಯಬೇಕಿತ್ತು.